ಬ್ರೇಕ್ ಸರಿಯಾಗಿಯೇ ಇತ್ತು

ಮೊದಲ ಸಲ ಎಚ್ಚರ ತಪ್ಪಿದಾಗ ನಾನು ಒಂದು ಜೀಪಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೆ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮೊದಲೇ ಮಲಗಿದವನು ಬೀಳುವುದೆಲ್ಲಿಗೆ? ಕಣ್ಣು ಬಿಟ್ಟಾಗ ನಟ್ಟು ತಿರುಗಿಸುವ ಪಾನಾ ನನ್ನ ಎದೆಯ ಮೇಲೆ ಬಿದ್ದಿತ್ತು. ಇಂಜಿನ್ನಿನ ಎಣ್ಣೆ ಕಿವಿಯ ಪಕ್ಕದಲ್ಲಿ ಹನಿ ಹನಿಯಾಗಿ ಬೀಳುತ್ತಿತ್ತು. ಬೆಳಿಗ್ಗೆ ಸುಸಲಾ ತಿನ್ನದೆ ಬಂದದ್ದಕ್ಕೆ ಹೀಗಾಯಿತು ಎಂದುಕೊಂಡು ಎದ್ದು ಕೈ ತೊಳೆದೆ.

ಎರಡನೆಯ ಸಲ ಅಂಗಡಿಯ ಗೋಡೆಗೆ ಒರಗಿ ಕುಳಿತಿದ್ದೆ. ಮೂರನೆಯ ಸಲದ ವಿಷಯವನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎದೆಯ ಕಾಯಿಲೆ ಅನುಭವಿಸಿದವರು ಬರೆದದ್ದನ್ನು ನಾನೂ ಓದಿದ್ದೇನೆ. ಅವರೆಲ್ಲ ಧೈರ್ಯವಂತರು. ನಾನು ಹೆದರಿದವನು, ಹೆದರಿ ಸುಳ್ಳು ಹೇಳಿದವನು. ನನ್ನಂತಹವರೂ ಎಲ್ಲೋ ಇಬ್ಬರು ಮೂವರು ಇರಬಹುದು, ಅವರು ಓದಲಿ.

ನನ್ನ ಹೆಸರು ಶಿವಶರಣಪ್ಪ. ಅರವತ್ತೇಳು ದಾಟಿದೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಮನೆ ಕಮಲಾಪುರದಲ್ಲಿ, ಅಂಗಡಿ ಕಲಬುರಗಿಯ ನೆಹರು ಗಂಜ್ ಹಿಂದೆ. ನಮ್ಮದು ಜೀಪು ಸಿಂಗರಿಸುವ ಅಂಗಡಿ. ಹಳೆಯ ಜೀಪು ತಂದು ನಿಲ್ಲಿಸಿದರೆ ಅದನ್ನು ಎತ್ತರಿಸಿ, ಅಗಲವಾದ ಟೈರು ಹಾಕಿ, ಮುಂದೆ ಆರು ದೀಪ, ಸೀಟಿನ ಕೆಳಗೆ ಎದೆ ನಡುಗಿಸುವ ಸ್ಪೀಕರು, ಹಿಂದೆ ಮಾಲೀಕನ ತಾಯಿಯ ಹೆಸರು ಎಲ್ಲ ಹಾಕಿ ಕಳಿಸುತ್ತೇವೆ. ಬಣ್ಣ, ವೈರಿಂಗ್ ನನ್ನದು. ವೆಲ್ಡಿಂಗ್, ಬ್ರೇಕ್ ರಸೂಲನದು. ಮೂವತ್ತು ವರ್ಷದಿಂದ ನಾವಿಬ್ಬರೂ ಒಂದೇ ಕಪ್ಪಿನ ಚಹಾವನ್ನು ಅರ್ಧ ಕೆಳಗಿನ ಬಸಿಗೆ ಸುರಿದು ಹಂಚಿಕೊಂಡಿದ್ದೇವೆ. ರಸೂಲನ ಕಿವಿಯ ಮೇಲೆ ಯಾವಾಗಲೂ ಸೀಮೆಸುಣ್ಣದ ಒಂದು ತುಂಡು ಇರುತ್ತದೆ. ಬ್ರೇಕ್ ಮುಗಿಸಿ ಓಡಿಸಿ ನೋಡಿದ ಮೇಲೆ ಚಕ್ರದ ಒಳಬದಿಗೆ ಒಂದು ಗೆರೆ ಎಳೆಯುತ್ತಾನೆ. ಆ ಗೆರೆ ಇಲ್ಲದ ಗಾಡಿ ನಮ್ಮ ಅಂಗಡಿಯಿಂದ ರಸ್ತೆಗೆ ಇಳಿಯುವುದಿಲ್ಲ.

ನನ್ನ ಕಿರಿಯ ಮಗಳು ನೀಲಾ ಚಿತ್ರಕಲಾ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಪ್ರದರ್ಶನಕ್ಕೆ ಎಲ್ಲರೂ ಚಿತ್ರ ಬರೆದರೆ ಇವಳು ನನ್ನ ಹಳೆಯ ಜೀಪು ಕೇಳಿದಳು. ಬಾನೆಟ್ಟಿನ ಮೇಲೆ ಕೆಂಪು ನೀಲಿ ನರಗಳನ್ನು ನಮ್ಮ ಲಾರಿ ಬಣ್ಣದಲ್ಲೇ ಬಿಡಿಸಿದಳು. ಸ್ಟೇರಿಂಗ್ ಚಕ್ರದ ಎರಡೂ ಬದಿಗೆ ತಾಮ್ರದ ಪಟ್ಟಿ ಸುತ್ತಿದಳು. ಅಲ್ಲಿಂದ ಸೀಟಿನ ಹಿಂದಿನ ಒಂದು ಪೆಟ್ಟಿಗೆಗೆ ವೈರು. ಎರಡು ಕೈಯಿಂದ ಸ್ಟೇರಿಂಗ್ ಹಿಡಿದು ಕುಳಿತರೆ ಸಾಕು, ಹಿಡಿದವರ ಎದೆ ಬಡಿದಂತೆಲ್ಲ ಮುಂದಿನ ಆರೂ ದೀಪ ಹತ್ತಿ ಆರುತ್ತಿದ್ದವು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಕೆಂಪು ಬಲ್ಬೂ ಮಿಣುಕುತ್ತಿತ್ತು. ಸೀಟಿನ ಕೆಳಗಿನ ಸ್ಪೀಕರು ಧಮ್ ಧಮ್ ಎನ್ನುತ್ತಿತ್ತು.

"ಇದ್ಯಾಕ ಬೇಕಿತ್ತವ್ವ?" ಎಂದು ಕೇಳಿದ್ದೆ.

"ಅಪ್ಪಾ, ನೀವು ಗಾಡಿಗೆ ದೀಪ ಹಚ್ತೀರಿ, ಬಣ್ಣ ಹಚ್ತೀರಿ, ಎಲ್ಲಾ ಹೊರಗಿಂದು. ಒಳಗ ಕುಂತವನ ಎದ್ಯಾಗ ಏನದ ಅಂತ ಗಾಡಿಗೆ ಗೊತ್ತಾಗಬೇಕಲ್ಲ?"

"ಗೊತ್ತಾಗಿ ಏನ್ ಮಾಡ್ತದ?"

"ಮಂದಿಗೆಲ್ಲ ಹೇಳ್ತದ," ಎಂದು ನಕ್ಕಳು.

ಅವಳ ಗುರುಗಳು ನೋಡಲು ಅಂಗಡಿಗೇ ಬಂದ ದಿನ ಮೊದಲು ರಸೂಲ್ ಕುಳಿತ. ದೀಪಗಳು ಗಡಿಯಾರದಂತೆ ಹತ್ತಿ ಆರಿದವು. "ನೋಡೋ ಶಿವಣ್ಣ, ನಂದು ಡೀಸೆಲ್ ಇಂಜಿನ್. ಬಂದ್ ಆಗೂದೇ ಇಲ್ಲ," ಎಂದ.

"ಚಾಚಾ, ಲಗ್ನದ ದಿನ ಚಾಚೀನ ಮೊದಲ ನೋಡಿದ್ದು ನೆನಸ್ಕೋ," ಎಂದಳು ನೀಲಾ.

ದೀಪಗಳು ಸರಸರ ಓಡತೊಡಗಿದವು. "ತೌಬಾ ತೌಬಾ, ಗಾಡಿ ಎಲ್ಲಾ ಹೇಳಾಕತ್ತದ!" ಎಂದು ರಸೂಲ್ ಕೈ ಬಿಟ್ಟು ಹಾರಿ ಇಳಿದ. ಗುರುಗಳೂ ನಕ್ಕರು. "ಈಗ ಯಜಮಾನ್ರು ಕೂಡ್ರಲಿ," ಎಂದರು.

ನಾನು ಕುಳಿತು ಹಿಡಿದೆ. ನಾಲ್ಕು ಸಲ ಹತ್ತಿತು, ಆರಿತು. ಆಮೇಲೆ ಹತ್ತಲಿಲ್ಲ. ಎದುರಿನ ಗೋಡೆ ಸ್ವಲ್ಪ ವಾಲಿದಂತಾಯಿತು. ಮತ್ತೆ ಹತ್ತಿತು. ನೀಲಾ ಓಡಿ ಬಂದು ವೈರು ಒತ್ತಿದಳು. ಮತ್ತೆ ಮೂರು ಸಲ ಹತ್ತಿ ನಿಂತಿತು. ಆ ಕತ್ತಲೆಯಲ್ಲಿ ನನ್ನ ಎದೆಯ ಒಳಗೂ ಏನೂ ಇರಲಿಲ್ಲ, ಖಾಲಿ ಡಬ್ಬಿಯಂತಿತ್ತು. ದೀಪ ಹತ್ತಿದಾಗ ಎದೆಯಲ್ಲೂ ಧಡ್ ಎಂದಿತು. ನನಗೆ ಆಗಲೇ ತಿಳಿಯಿತು. ಅನುಮಾನ ಬಂತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಸ್ಪಷ್ಟವಾಗಿ ತಿಳಿಯಿತು.

"ಅರ್ಥಿಂಗ್ ಸರಿ ಇಲ್ಲ," ಎಂದೆ. "ವೈರಿಂಗ್ ಪೂರಾ ತಪ್ಪಾಗ್ಯಾದ. ನನ್ನ ಕೇಳಿ ಮಾಡಬೇಕಿತ್ತು."

ವಾಹನದ ಕೆಲಸ ಮಾಡುವ ನಮಗೆ ದೀಪ ಮಿಣುಕಿದರೆ ಬಾಯಿಗೆ ಬರುವ ಮೊದಲ ಮಾತೇ ಅದು. ಕೆಟ್ಟದ್ದು ಯಾವಾಗಲೂ ಗಾಡಿಯಲ್ಲೇ ಇರಬೇಕು. ಗುರುಗಳು ಮಗಳಿಗೆ, "ಬಂದ ಮಂದಿ ಮುಂದ ಹಿಂಗ ನಿಂತ್ರ ಹ್ಯಾಂಗಮ್ಮಾ? ಪ್ರದರ್ಶನಕ್ಕ ಇಡೂದು ಕಷ್ಟ ಆಗ್ತದ ನೋಡು," ಎಂದು ಹೇಳಿ ಹೋದರು. ನೀಲಾ ಮೂರು ದಿನ ಇಡೀ ವೈರಿಂಗ್ ಬಿಚ್ಚಿ ಮತ್ತೆ ಜೋಡಿಸಿದಳು. ತಾಮ್ರವನ್ನು ಉಜ್ಜಿ ಉಜ್ಜಿ ಬೆರಳು ಸುಲಿದವು. ನಾನು ಅವಳಿಗೆ ಚಹಾ ತಂದುಕೊಡುತ್ತಿದ್ದೆ. "ನನ್ನ ಅಂಗೈ ಚರ್ಮ ದಪ್ಪ, ಅದಕ್ಕೂ ಹಿಡದಿರಲಿಕ್ಕಿಲ್ಲ," ಎಂದು ಒಂದು ಸಲ ಹೇಳಿದೆ. ಅಷ್ಟೇ ನನ್ನ ಬಾಯಿಂದ ಬಂದ ಕರುಣೆ.

ಯಾಕೆ ಮುಚ್ಚಿಟ್ಟೆ ಎಂದು ಈಗ ಎಲ್ಲರೂ ಕೇಳುತ್ತಾರೆ. ಎಚ್ಚರ ತಪ್ಪುವವನ ಕೈಗೆ ಯಾರು ಸ್ಟೇರಿಂಗ್ ಕೊಡುತ್ತಾರೆ? ಗಾಡಿ ಓಡಿಸದ ನಾನು ಯಾರು ಎಂಬುದು ನನಗೇ ಗೊತ್ತಿರಲಿಲ್ಲ.

ಕಮಲಾಪುರದ ಸಂತೆಯ ದಿನ ಊರಿನ ಜನರ ಕೈಯಲ್ಲೂ ಜೀಪನ್ನು ಹಿಡಿಸಿ ನೋಡಬೇಕು ಎಂದಳು ನೀಲಾ. ಹಿಂದಿನ ದಿನ ರಸೂಲ್ ಬ್ರೇಕ್ ನೋಡಿ ನಾಲ್ಕೂ ಚಕ್ರಕ್ಕೆ ಗೆರೆ ಎಳೆದಿದ್ದ. ಬೆಳಿಗ್ಗೆ ಅಂಗಡಿಯಿಂದ ನಾನೇ ಓಡಿಸಿದೆ, ಮಗಳು ಪಕ್ಕದಲ್ಲಿ. ಪೆಟ್ಟಿಗೆಯನ್ನು ಅವಳು ಬಂದ್ ಮಾಡಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಂಪು ಬಲ್ಬು ನನ್ನ ಎದೆಯ ಲೆಕ್ಕದಲ್ಲಿ ಮಿಣುಕುತ್ತಿತ್ತು. ಊರು ಹತ್ತಿರ ಬಂತು. ರಸ್ತೆಯ ಬದಿಗೆ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಸಾಲಾಗಿ ಕಂಡವು. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ.

ಮತ್ತೆ ಕಿವಿಗೆ ಬಿದ್ದದ್ದು ಒಬ್ಬ ಹೆಂಗಸಿನ ದನಿ. "ಕಣ್ಣ ಏನ್ ಹಿಂದಿನ ಕಿಸೇದಾಗ ಇಟ್ಕೊಂಡೀಯೇನೋ ಮುದ್ಯಾ! ನನ್ನ ಮಕ್ಕಳನ್ನ ಪರದೇಶಿ ಮಾಡ್ತಿದ್ದಿ!"

ಜೀಪು ಅವಳ ಬುಟ್ಟಿಗಳನ್ನು ಅಪ್ಪಚ್ಚಿ ಮಾಡಿ, ಅವಳಿಂದ ಒಂದು ಗೇಣು ದೂರದಲ್ಲಿ ಬೇವಿನ ಮರಕ್ಕೆ ಹೊಡೆದು ನಿಂತಿತ್ತು. ನೀಲಾ ಸ್ಟೇರಿಂಗ್ ಎಳೆದು ಕೈಬ್ರೇಕ್ ಜಗ್ಗಿರದಿದ್ದರೆ ಆ ಗೇಣು ಇರುತ್ತಿರಲಿಲ್ಲ. ಮಗಳ ಹಣೆಯಿಂದ ರಕ್ತ ಹುಬ್ಬಿಗೆ ಇಳಿಯುತ್ತಿತ್ತು.

"ಅಪ್ಪಾ, ನಾ ಚೀರಿ ಒದರಿದೆ. ನೀ ಹೊಳ್ಳಿ ನೋಡ್ಲೇ ಇಲ್ಲ," ಎಂದಳು.

"ಬ್ರೇಕ್ ಹತ್ತಲಿಲ್ಲವ್ವ," ಎಂದೆ. ಅದು ಕಣ್ಣು ಬಿಟ್ಟ ಮೇಲೆ ನಾನು ಆಡಿದ ಮೊದಲ ಮಾತು.

ಪೆಟ್ಟೇನಾದರೂ ಆಗಿದೆಯೇ ಎಂದು ತೋರಿಸಲು ನೀಲಾ ಆ ಹೆಂಗಸನ್ನೂ ಕರೆದುಕೊಂಡು, ತನ್ನ ಹಣೆಗೆ ಹೊಲಿಗೆ ಹಾಕಿಸಲು ಹೋದಳು. ಸುತ್ತ ನಿಂತ ಜನ ಹಣ್ಣು ಆರಿಸುತ್ತಿದ್ದರು. ಬ್ರೇಕ್ ನೋಡುತ್ತೇನೆ ಎಂದು ಹೇಳಿ ನಾನು ಜೀಪಿನ ಕೆಳಗೆ ಹೋದೆ. ಚಕ್ರದ ಒಳಬದಿಯಲ್ಲಿ ರಸೂಲನ ಬಿಳಿ ಗೆರೆ ಕಣ್ಣೆದುರಿಗೇ ಇತ್ತು. ಪಾನಾ ಹಾಕಿ ಬ್ರೇಕ್ ಎಣ್ಣೆಯ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲ ಮಾಡಿ, ಮೇಲೆ ಹತ್ತಿ ಪೆಡಲು ನಾಲ್ಕು ಸಲ ಒತ್ತಿದೆ. ಎಣ್ಣೆ ಚಕ್ರದ ಮೇಲೆ ಹರಿಯಿತು. ಗೆರೆ ಅಳಿಸಿಹೋಯಿತು. ಆಮೇಲೆ ರಸೂಲನಿಗೆ ಫೋನ್ ಮಾಡಿದೆ.

ಅವನು ಬಸ್ಸಿನಲ್ಲಿ ಬಂದ. ಕೆಳಗೆ ಮಲಗಿ ನಟ್ಟನ್ನು ಬೆರಳಿನಿಂದ ತಿರುಗಿಸಿ ನೋಡಿದ. ಬೆರಳಿಗೆ ಹತ್ತಿದ ಎಣ್ಣೆಯ ವಾಸನೆ ನೋಡಿದ. ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. "ನಾನೇ ಬಿಗಿ ಮಾಡಿದ್ದೆ ಶಿವಣ್ಣ," ಎಂದ. ಹೊಲಿಗೆ ಹಾಕಿಸಿಕೊಂಡು ಬಂದ ನೀಲಾಳ ತಲೆಯ ಮೇಲೆ ಕೈ ಇಡಲು ಹೋಗಿ, ಕೈಯಲ್ಲಿ ಎಣ್ಣೆ ಇದೆ ಎಂದು ಹಿಂದೆ ತೆಗೆದ. "ಈ ಕೈ ಮುದಿ ಆದ್ವು ಬೇಟಾ. ಇನ್ನ ಇವು ಬ್ರೇಕ್ ಮುಟ್ಟಬಾರದು."

ಮರುದಿನದಿಂದ ಅವನು ಅಂಗಡಿಗೆ ಬರಲಿಲ್ಲ.

ಒಂಬತ್ತನೆಯ ದಿನ ಮನೆಯಲ್ಲಿ ಗಡ್ಡ ಬೋಳಿಸಿಕೊಳ್ಳುವಾಗ ಕನ್ನಡಿಯ ಸಮೇತ ಬಿದ್ದೆ. ಈ ಸಲ ನೋಡುವವರಿದ್ದರು. ಹೆಂಡತಿ ಕಸ್ತೂರಿಬಾಯಿ ಮುಖಕ್ಕೆ ನೀರು ಹೊಡೆಯುತ್ತ, "ಎಷ್ಟು ದಿನದಿಂದ ಹಿಂಗ ಆಗಾಕತ್ತದ್ರೀ? ನನ್ನ ಮುಖ ನೋಡಿ ಹೇಳ್ರಿ," ಎಂದಳು. "ಇದೇ ಮೊದಲು," ಎಂದೆ.

ಕಲಬುರಗಿಯ ಒಂದು ಆಸ್ಪತ್ರೆಗೆ ಕರೆತಂದರು. ಬಾಗಿಲ ಹೊರಗಿನ ಕಬ್ಬಿಣದ ಬೆಂಚಿನ ಒಂದು ಕಾಲು ಗಿಡ್ಡ. ಯಾರು ಎದ್ದರೂ ಕುಳಿತರೂ ನಾವೆಲ್ಲ ಸಾಲಾಗಿ ವಾಲುತ್ತಿದ್ದೆವು. ಒಳಗಿನಿಂದ ಹೆಸರು ಕೂಗಿದಾಗಲೆಲ್ಲ ನನ್ನದೇ ಎನಿಸುತ್ತಿತ್ತು. ನನ್ನದಲ್ಲ ಎಂದು ತಿಳಿದಾಗ ಆಗುತ್ತಿದ್ದ ಸಂತೋಷಕ್ಕೆ ನಾಚಿಕೆಯೂ ಆಗುತ್ತಿತ್ತು. ಪಕ್ಕದಲ್ಲಿದ್ದ ತೊಗರಿ ವ್ಯಾಪಾರಿಯೊಬ್ಬರು ಕೇಳದೆಯೇ ನನ್ನ ಕೈಗೆ ಎರಡು ಬಿಸ್ಕೀಟು ಇಟ್ಟರು. ಆ ದಿನ ನನಗೆ ಸಿಕ್ಕ ದೊಡ್ಡ ಔಷಧ ಅದೇ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. "ಕಾಕಾ, ಹಿಂದ ಎಂದರ ಎಚ್ಚರ ತಪ್ಪಿತ್ತೇನ್ರಿ? ಗಾಡಿ ಹೊಡಿಯೂವಾಗ?"

"ಇಲ್ರಿ."

ನೀಲಾ ಗೋಡೆಯ ಕಡೆ ನೋಡುತ್ತ ಹೇಳಿದಳು: "ಮೇಡಂ, ನಾ ಒಂದು ಮಷಿನ್ ಮಾಡೀನ್ರಿ. ಎದಿ ಬಡದಂಗ ದೀಪ ಹತ್ತತಾವ. ಎಲ್ಲಾರಿಗೂ ಸರಿ ಹತ್ತತಾವ. ಅಪ್ಪಗ ಮಾತ್ರ ನಾಲ್ಕು ಸಲ ಹತ್ತಿ ನಿಲ್ತಾವ. ಆ ದಿನ ಜೀಪು ರೋಡ್ ಬಿಡೂಕಿಂತ ಮೊದಲ, ಕೈ ಸ್ಟೇರಿಂಗ್ ಮ್ಯಾಲ ಇದ್ದಾಗಲೇ ಬಲ್ಬು ನಿಂತಿತ್ರಿ. ನಾ ನೋಡೀನಿ."

ಹಣೆಯ ಮೇಲಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಅವಳಿಗೆ ಆ ದಿನದಿಂದಲೂ ಗೊತ್ತಿತ್ತು. ನಾನೇ ಹೇಳಲಿ ಎಂದು ಕಾದಿದ್ದಳು.

ಎದೆಗೆ ಒಂದು ಯಂತ್ರ ಕಟ್ಟಿ ಒಂದು ದಿನ ಇಟ್ಟರು. ಮರುದಿನ ಡಾಕ್ಟರು ಉದ್ದನೆಯ ಕಾಗದ ಹಿಡಿದು ಬಂದು, ಎದೆಗೆ ಕರೆಂಟು ಸರಿಯಾಗಿ ಇಳಿಯುತ್ತಿಲ್ಲ, ಬ್ಯಾಟರಿಯ ಒಂದು ಯಂತ್ರ ಕೂರಿಸಬೇಕು, ತಡ ಮಾಡುವಂತಿಲ್ಲ ಎಂದರು. ಗಾಡಿ ಕೆಲಸದವನಿಗೆ ಅಷ್ಟು ಸಾಕಾಯಿತು. ಕಸ್ತೂರಿಗೆ ಸಾಕಾಗಲಿಲ್ಲ. "ಬ್ಯಾಟರಿ ಇಳದ್ರ ಹ್ಯಾಂಗ್ರೀ?" ಎಂದು ಮೂರು ಸಲ ಕೇಳಿದಳು. "ಬದಲಾಯಿಸ್ತೀವಮ್ಮಾ, ಅದಕ್ಕ ಭಾಳ ವರ್ಷ ಅದ," ಎಂದು ಡಾಕ್ಟರು ಮೂರು ಸಲವೂ ನಗುತ್ತಲೇ ಹೇಳಿದರು.

ಆ ಸಂಜೆಯೇ ರಸೂಲ್ ನೋಡಲು ಬಂದ. ಸುದ್ದಿ ಯಾರು ಹೇಳಿದರೋ. ಬಾಗಿಲ ಹತ್ತಿರವೇ ಚಪ್ಪಲಿ ಬಿಟ್ಟು, ಮಂಚದ ಕೊನೆಗೆ ನಿಂತು, ಚಾದರದ ಮೇಲಿನಿಂದ ನನ್ನ ಕಾಲು ಮುಟ್ಟಿದ. "ಆ ದಿನದ ಹೆದರಿಕೀಗೇ ನಿನ್ನ ಎದಿ ಕೆಟ್ಟಿತು. ನನ್ನ ಕೈಲಿಂದ ಆತು. ಮಾಫ್ ಮಾಡು ಶಿವಣ್ಣ," ಎಂದು ಅತ್ತ. ಮೂವತ್ತು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ಕಸ್ತೂರಿ ಇದ್ದಳು, ಪಕ್ಕದ ಮಂಚದವರು ಇದ್ದರು. ನಾನು, "ಇರ್ಲಿ ಬಿಡು," ಎಂದೆ. ಮಾಡದ ತಪ್ಪಿಗೆ ಅವನನ್ನು ಕ್ಷಮಿಸಿದೆ. ನನ್ನ ಜೀವನದಲ್ಲಿ ಅದಕ್ಕಿಂತ ಕೀಳಾದ ಕೆಲಸ ನಾನು ಮಾಡಿಲ್ಲ. ನೀಲಾ ನೀರಿನ ಬಾಟಲಿ ಹಿಡಿದು ಎದ್ದು ಹೊರಗೆ ಹೋದಳು. ಬಾಟಲಿ ತುಂಬಿಯೇ ಇತ್ತು.

ಮರುದಿನ ಬೆಳಿಗ್ಗೆ ಆಪರೇಷನ್. ಸಿಸ್ಟರ್ ಒಬ್ಬಳು ಬಂದು, "ಅಜ್ಜಾ, ಕೊರಳಾಗಿಂದು ತಗೀಬೇಕ್ರಿ," ಎಂದಳು. ನಾನು ಬುದ್ಧಿ ಬಂದಾಗಿನಿಂದ ಕೊರಳಿನ ಇಷ್ಟಲಿಂಗವನ್ನು ಮೈಯಿಂದ ಬೇರೆ ಮಾಡಿದವನಲ್ಲ. ನನ್ನ ಮುಖ ನೋಡಿ ಅವಳು ಏನು ತಿಳಿದಳೋ, ಅದನ್ನಿಡುವ ಬೆಳ್ಳಿಯ ಕರಡಿಗೆಯನ್ನು ಕಸ್ತೂರಿಗೆ ಕೊಟ್ಟು, ಲಿಂಗವನ್ನು ಮಾತ್ರ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ ಬಲರಟ್ಟೆಗೆ ಕಟ್ಟಿದಳು. "ಎಡಕ್ಕ ಡಾಕ್ಟರು ಕೆಲಸ ಮಾಡ್ತಾರ, ಬಲಕ್ಕ ಇವ ಇರ್ಲಿ," ಎಂದಳು. ಆ ಮಗಳ ಹೆಸರು ಕೇಳುವುದನ್ನು ಮರೆತೆ.

ಗಾಲಿಮಂಚವನ್ನು ತಳ್ಳಿಕೊಂಡು ಹೋಗುವಾಗ ನೀಲಾ ಪಕ್ಕದಲ್ಲಿ ನಡೆಯುತ್ತಿದ್ದಳು. ಬಾಗಿಲು ಹತ್ತಿರ ಬಂತು. "ನೀಲವ್ವಾ, ಬ್ರೇಕ್ ಸರಿ ಇತ್ತು. ನಟ್ ನಾನೇ..." ಎಂದೆ.

"ನನಗ ಹೇಳಬ್ಯಾಡ. ರಸೂಲ್ ಚಾಚಾಗ ಹೇಳು," ಎಂದಳು. ನನ್ನ ಮುಷ್ಟಿಯನ್ನು ಗಟ್ಟಿಯಾಗಿ ಹಿಡಿದಳು. "ಅದನ್ನ ಹೇಳೂದಕ್ಕರ ಹೊರಗ ಬಾ, ಅಪ್ಪಾ."

ಒಳಗೆ ನನಗೆ ಪೂರ್ತಿ ಎಚ್ಚರವಿತ್ತು. ಭುಜದ ಹತ್ತಿರ ಮರಗಟ್ಟಿಸಿದ್ದರು. ಮುಖದ ಮೇಲೆ ಹಸಿರು ಬಟ್ಟೆ. ತಲೆಯ ಹಿಂದೆ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ನಡುವೆ ನಿಲ್ಲುತ್ತಿತ್ತು. ನಿಂತಾಗ ಎಲ್ಲರ ಮಾತೂ ನಿಲ್ಲುತ್ತಿತ್ತು. ಒಂದು ಸಲ ತುಂಬಾ ಹೊತ್ತು ನಿಂತಿತು. ಹಸಿರು ಬಟ್ಟೆ ಕಪ್ಪಾಗುತ್ತ ಬಂತು. ಜೀಪಿನ ಕೆಳಗಿನಿಂದ ಎಷ್ಟು ಹೊತ್ತಾದರೂ ಹೊರಗೆ ಬರದ ರಸೂಲನ ಎರಡು ಕಾಲು ಮಾತ್ರ ನನಗೆ ಕಾಣಿಸಿದವು. ಯಾರೋ "ಸಿಕ್ತು," ಎಂದರು. ಟಿಕ್, ಟಿಕ್, ಟಿಕ್. ಮತ್ತೆ ಅದು ನಿಲ್ಲಲಿಲ್ಲ.

ಬಿಡುಗಡೆಯ ದಿನ ಡಾಕ್ಟರು ನಿಯಮ ಹೇಳಿದರು. ಎಡಗೈ ಕೆಲವು ವಾರ ಮೇಲೆತ್ತಬಾರದು. ಅವರು ಹೇಳುವವರೆಗೆ ಗಾಡಿ ಓಡಿಸಬಾರದು. "ಏನ್ ಕೆಲಸ ಮಾಡ್ತೀರಿ ಕಾಕಾ?" ಎಂದರು. ಹೇಳಿದೆ. "ಹಂಗಾದ್ರ ವೆಲ್ಡಿಂಗ್ ಮಷಿನ್ ಹತ್ರ ಹೋಗೂ ಹಂಗಿಲ್ಲ. ದೂರ ನಿಲ್ಲಬೇಕು." ನೀಲಾ ಎಷ್ಟು ದೂರ ಎಂದು ಕೇಳಿ ಬರೆದುಕೊಂಡಳು. ತನ್ನ ಜೀಪಿನ ತಾಮ್ರ ಹಿಡಿಯಬಹುದೇ ಎಂದೂ ಕೇಳಿದಳು. ಅವಳ ಪೆಟ್ಟಿಗೆಯನ್ನು ತರಿಸಿ ನೋಡಿ, ಅಡ್ಡಿಯಿಲ್ಲ ಎಂದರು.

ಮನೆಗೆ ಬಂದ ಮೇಲೂ ನಾನು ಹೇಳಲಿಲ್ಲ. ಹೊಲಿಗೆ ಆರಲಿ, ಕೈ ಏಳಲಿ ಎಂದು ಒಂದೊಂದೇ ನೆಪ. ರಸೂಲ್ ಮನೆಯಲ್ಲಿ ಕುಳಿತು ಪರಿಚಯದವರ ಗ್ಯಾಸ್ ಒಲೆ ರಿಪೇರಿ ಮಾಡುತ್ತಾನೆ, ಅದನ್ನೂ ಎರಡೆರಡು ಸಲ ನೋಡಿ ಕೊಡುತ್ತಾನೆ ಎಂದು ಕಸ್ತೂರಿ ಸುದ್ದಿ ತಂದಳು. ನೀಲಾ ನನ್ನನ್ನು ಏನೂ ಕೇಳಲಿಲ್ಲ. ಗುರುಗಳಿಗೆ ಆಸ್ಪತ್ರೆಯ ಕಾಗದ ತೋರಿಸಿ, ತಪ್ಪು ಯಂತ್ರದ್ದಲ್ಲ ಎಂದು ಹೇಳಿ ಜೀಪಿಗೆ ಜಾಗ ಪಡೆದಳು. ಜೀಪಿನ ಚೌಕಟ್ಟು ವೆಲ್ಡ್ ಮಾಡಿದವನು ಎಂದು ರಸೂಲನನ್ನು ತಾನೇ ಹೋಗಿ ಕರೆದಳು.

ಪ್ರದರ್ಶನದಲ್ಲಿ ಮೊದಲು ನಾನು ಹಿಡಿದೆ. ಆರು ದೀಪ ಒಂದೇ ಸಮನೆ ಹತ್ತಿ ಆರಿದವು. ನನ್ನ ಸರದಿ ಮುಗಿದ ಮೇಲೆ ನೀಲಾ ಚಾಚಾನನ್ನು ಕೂಡಿಸಿದಳು. ಅವನು ಸಂಕೋಚದಿಂದ ಎರಡು ಕೈಯಿಟ್ಟ. ಅವಳು ನನ್ನ ಕಡೆ ಒಮ್ಮೆ ನೋಡಿ ದೂರ ಹೋಗಿ ನಿಂತಳು. ನಾನು ಪಕ್ಕದ ಸೀಟಿಗೆ ಹತ್ತಿದೆ.

"ರಸೂಲ್, ಆ ದಿನ ಬ್ರೇಕ್ ಸರಿಯಾಗೇ ಇತ್ತು."

ಅವನು ಸ್ಟೇರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ನಾ ಬ್ರೇಕ್ ಒತ್ತಲೇ ಇಲ್ಲ. ನನ್ನ ಎಚ್ಚರ ತಪ್ಪಿತ್ತು. ನಟ್ ಆಮ್ಯಾಲ ನಾನೇ ಸಡ್ಲ ಮಾಡ್ದೆ."

ಅವನ ಮುಖ ಕಲ್ಲಿನಂತೆ ಹಾಗೆಯೇ ಇತ್ತು. ಎದುರಿನ ಗೋಡೆಯ ಮೇಲೆ ಆರು ದೀಪಗಳ ಬೆಳಕು ಓಡತೊಡಗಿತು. ಸೀಟಿನ ಕೆಳಗಿನ ಸ್ಪೀಕರು ನನ್ನ ಬೆನ್ನನ್ನು ಗುದ್ದುತ್ತಿತ್ತು. ನೋಡಲು ನಿಂತಿದ್ದ ಒಬ್ಬ, "ಏನ್ ಇಂಜಿನ್ರೀ ಕಾಕಾ!" ಎಂದು ಚಪ್ಪಾಳೆ ತಟ್ಟಿದ. ರಸೂಲ್ ಕೈ ಬಿಡಲಿಲ್ಲ.

"ದವಾಖಾನ್ಯಾಗ ನಾ ನಿನ್ನ ಕಾಲು ಮುಟ್ಟಿದ್ನಲ್ಲೋ," ಎಂದ.

"ಹೂಂ."

"ಆವಾಗೂ ಗೊತ್ತಿತ್ತೇನು?"

"ಗೊತ್ತಿತ್ತು."

ಅವನು ಕೈ ತೆಗೆದ. ದೀಪ ಆರಿದವು. ಇಳಿದು, ನೀಲಾಳ ಹಣೆಯ ಕಲೆಯ ಮೇಲೆ ಒಮ್ಮೆ ಬೆರಳಿಟ್ಟು ಅವಳನ್ನು ಮಾತಾಡಿಸಿ, ನನ್ನ ಕಡೆ ನೋಡದೆ ಹೋದ.

ಆ ಬಾಳೆಹಣ್ಣಿನ ತಾಯಿಗೂ ಹೋಗಿ ನಿಜ ಹೇಳಿದೆ. "ಖರೇ ಹೇಳಾಕ ಇಷ್ಟು ದಿನ ಬೇಕಾತೇನೋ?" ಎಂದು ಬೈದು ಕೂಡಿಸಿ ನೀರು ಕೊಟ್ಟಳು. ನಿಮಗೂ ಅಷ್ಟೇ ಹೇಳುವುದು. ಒಂದು ಸಲ ಕಣ್ಣು ಕತ್ತಲಾದರೂ ಮನೆಯವರಿಗೆ ಹೇಳಿ, ಗಾಡಿಯ ಬೀಗದ ಕೈ ಕೊಟ್ಟುಬಿಡಿ. ಎದೆಗೆ ಹಾಕುವ ಯಂತ್ರ ಸಿಗುತ್ತದೆ. ನಾನು ಒಂದು ನಟ್ಟಿನ ಜೊತೆ ಸಡಿಲ ಮಾಡಿದ್ದು ಏನೆಂದು ನಿಮಗೀಗ ಗೊತ್ತಿದೆ.

ಪ್ರದರ್ಶನ ಮುಗಿದ ಹನ್ನೊಂದನೆಯ ದಿನ ಅಂಗಡಿಯ ಬಾಗಿಲು ತೆಗೆಯಲು ಹೋದರೆ ಬಾಗಿಲು ತೆಗೆದಿತ್ತು. ರಸೂಲ್ ವೆಲ್ಡಿಂಗ್ ಮಷಿನನ್ನು ಒಳಗಿನ ಮೂಲೆಗೆ ಎಳೆದಿದ್ದ. ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು, ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಗೆರೆ ಎಳೆದ. "ಇಷ್ಟು ದೂರ ಅಂತ ನೀಲಾ ಹೇಳ್ಯಾಳ. ದಾಟಬ್ಯಾಡ," ಎಂದ. ಅಷ್ಟೇ.

ಈಗ ಚಹಾ ಎರಡು ಕಪ್ಪಿನಲ್ಲಿ ಬರುತ್ತದೆ. ಬೇಕಾದಷ್ಟೇ ಮಾತು. ಸಂಜೆಯ ಹೊತ್ತಿಗೆ ಗೆರೆ ಓಡಾಡುವವರ ಕಾಲಿಗೆ ಅಳಿಸಿಹೋಗುತ್ತದೆ. ಬೆಳಿಗ್ಗೆ ಅವನು ಬಂದವನೇ ಅಂಗಿ ಬಿಚ್ಚುವ ಮೊದಲು, ಬಗ್ಗಿ, ಅದನ್ನು ಮತ್ತೆ ಎಳೆಯುತ್ತಾನೆ. ನಾನು ಈಚೆ ಸ್ಟೂಲು ಹಾಕಿಕೊಂಡು, ವೆಲ್ಡಿಂಗಿನ ಬೆಳಕು ಕಣ್ಣಿಗೆ ಬೀಳದಂತೆ ಮುಖ ತಿರುಗಿಸಿ ಕುಳಿತಿರುತ್ತೇನೆ.